ಬಾಯಿಮಾತಿನ ವ್ಯಾಪಾರ, ಎಪ್ಪತ್ತು ಕಿಲೋಮೀಟರ್ ದೂರದ ನ್ಯಾಯ

“ಬಿಲ್ ಎಂತಕೆ ಮಾರಾಯ್ರೆ? ಎಂತಾರೂ ಆರೆ ತಕಂಡ್ ಬನ್ನಿ, ನಾನ್ ಇಲ್ಲೇ ಇರ್ತೆ.”

ಕುಂದಾಪುರ, ಬೈಂದೂರು, ಬ್ರಹ್ಮಾವರದ ಅಂಗಡಿಗಳಲ್ಲಿ ಈ ಮಾತು ಕೇಳದವರು ಇರಲಾರರು. ಹೇಳುವವರ ಮನಸ್ಸಿನಲ್ಲಿ ಮೋಸವಿದೆ ಎಂದು ನಾನು ಹೇಳುವುದಿಲ್ಲ. ಹೆಚ್ಚಿನ ಸಲ ಅವರು ನಿಜಕ್ಕೂ ಅಲ್ಲೇ ಇರುತ್ತಾರೆ. ಹಾಳಾದ ಮಿಕ್ಸಿಯನ್ನು ಮರಳಿ ಪಡೆಯುತ್ತಾರೆ, ಹಬ್ಬದ ಹೊತ್ತಿಗೆ ಸಾಲವನ್ನೂ ಕೊಡುತ್ತಾರೆ. ತೊಡಕು ಶುರುವಾಗುವುದು ಅದೇ ಅಂಗಡಿಯವರು ಒಂದು ದಿನ, “ಕಂಪೆನಿಯವ್ರಿಗೆ ಫೋನ್ ಮಾಡಿದ್ದೆ, ಅವ್ರ್ ಬರ್ಲಿಲ್ಲ, ನಾನ್ ಎಂತ ಮಾಡುದ್?” ಎಂದು ಕೈಚೆಲ್ಲಿದಾಗ. ಆಗ ಕೊಂಡವರ ಬಳಿ ಉಳಿಯುವುದು ಒಂದು ಕೆಟ್ಟ ವಸ್ತು ಮತ್ತು ಒಂದು ಪರಿಚಯ. ಪರಿಚಯವನ್ನು ಯಾವ ಗ್ರಾಹಕ ಆಯೋಗದ ಮುಂದೆಯೂ ದಾಖಲೆಯೆಂದು ಇಡಲಾಗದು.

ಇಂಥ ಕಡೆ ಸಾಮಾನ್ಯವಾಗಿ ಬರುವ ಉಪದೇಶ ನಮಗೆಲ್ಲ ಬಾಯಿಪಾಠ: ಬಿಲ್ ಕೇಳಿ, ಐಎಸ್‌ಐ ಮುದ್ರೆ ನೋಡಿ, ಎಂಆರ್‌ಪಿ ಪರಿಶೀಲಿಸಿ, ಎಚ್ಚೆತ್ತ ಗ್ರಾಹಕರಾಗಿ. ಪ್ರತಿ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕರ ದಿನದಂದು ಶಾಲೆ ಕಾಲೇಜುಗಳಲ್ಲಿ ಇದನ್ನೇ ಹೇಳಿ ಮುಗಿಸುತ್ತಾರೆ. ಸುಳ್ಳಲ್ಲ, ಆದರೆ ಇಡೀ ಹೊಣೆಯನ್ನು ಕೊಳ್ಳುವವರ ಹೆಗಲಿಗೆ ಹೊರಿಸುವ ಈ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ನಮ್ಮ ಕಾನೂನು ಇದಕ್ಕಿಂತ ಉದಾರವಾಗಿದೆ. ಬಾಯಿಮಾತಿನಲ್ಲಿ ನಡೆದ ವ್ಯಾಪಾರದೊಳಗೂ ಯಾರೂ ಆಡದ ಕೆಲವು ಭರವಸೆಗಳು ಸೇರಿಕೊಂಡಿವೆ ಎಂದು ಅದು 1930ರಿಂದಲೂ ಹೇಳುತ್ತ ಬಂದಿದೆ. ಕೊರತೆ ಇರುವುದು ಹಕ್ಕಿನಲ್ಲಿ ಅಲ್ಲ. ಆ ಹಕ್ಕು ಶಿರೂರಿನ ಅಥವಾ ಕೊಲ್ಲೂರಿನ ಮನೆಬಾಗಿಲಿಗೆ ತಲುಪುವ ದಾರಿಯಲ್ಲಿ.

ಸರಕು ಮಾರಾಟ ಕಾಯ್ದೆ ಜಾರಿಗೆ ಬಂದದ್ದು 1930ರ ಜುಲೈ 1ರಂದು. ಅದಕ್ಕೂ ಮುಂಚೆ ಆ ನಿಯಮಗಳು 1872ರ ಕರಾರು ಕಾಯ್ದೆಯ 76ರಿಂದ 123ರವರೆಗಿನ ಕಲಮುಗಳಲ್ಲಿದ್ದವು. ಇಂಗ್ಲೆಂಡಿನ 1893ರ ಕಾಯ್ದೆಯನ್ನು ಮುಂದಿಟ್ಟುಕೊಂಡು ಅವನ್ನು ಬೇರೆ ಮಾಡಿ ಬರೆದರು. ಈ ಕಾಯ್ದೆಯ 5ನೇ ಕಲಮು ನಮ್ಮ ಕರಾವಳಿಗೆಂದೇ ಬರೆದಂತಿದೆ: ಮಾರಾಟದ ಕರಾರು ಬರವಣಿಗೆಯಲ್ಲಿ ಇರಬಹುದು, ಬಾಯಿಮಾತಿನಲ್ಲಿ ಇರಬಹುದು, ಅರ್ಧ ಬರೆದು ಅರ್ಧ ಆಡಿರಬಹುದು, ಇಬ್ಬರ ನಡವಳಿಕೆಯಿಂದಲೇ ತಿಳಿಯುವಂತೆಯೂ ಇರಬಹುದು. ಅಂದರೆ ಬಿಲ್ ಇಲ್ಲದಿದ್ದರೆ ವ್ಯಾಪಾರವೇ ಆಗಲಿಲ್ಲ ಎಂಬ ವಾದಕ್ಕೆ ಬುಡವಿಲ್ಲ. ಬಿಲ್ ಬೇಕಾಗುವುದು ರುಜುವಾತಿಗೆ. ಯುಪಿಐ ಸಂದೇಶ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ದರ, ಅಂಗಡಿಯವರ ಕೈಬರಹದ ಚೀಟಿ ಇವೂ ರುಜುವಾತೇ.

ಕೊಳ್ಳುವವನೇ ಜೋಪಾನವಾಗಿರಬೇಕು ಎಂಬ ಹಳೆಯ ನಿಯಮ ಅದೇ ಕಾಯ್ದೆಯ 16ನೇ ಕಲಮಿನ ಆರಂಭದಲ್ಲಿದೆ. ಆದರೆ ಅದರ ಹಿಂದೆಯೇ ಬರುವ ವಿನಾಯಿತಿಗಳು, ಆಚೀಚಿನ ಕಲಮುಗಳ ಭರವಸೆಗಳು ಸೇರಿ ಆ ನಿಯಮವನ್ನು ಹೆಚ್ಚುಕಡಿಮೆ ನುಂಗಿಬಿಟ್ಟಿವೆ. ಮಾರುವವರಿಗೆ ಮಾರುವ ಹಕ್ಕು ಇರಬೇಕು. ವಿವರ ಹೇಳಿ ಮಾರಿದರೆ ವಸ್ತು ಆ ವಿವರಕ್ಕೆ ಹೊಂದಬೇಕು. ಮಾದರಿ ತೋರಿಸಿದರೆ ಮೂಟೆಯೂ ಮಾದರಿಯಂತೆ ಇರಬೇಕು. ಅಂಥ ಸರಕಿನ ವ್ಯಾಪಾರಿಯಿಂದ ಕೊಂಡದ್ದು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಇವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

16ನೇ ಕಲಮಿನ ಇನ್ನೊಂದು ಭರವಸೆಯನ್ನು ಹತ್ತಿರದಿಂದ ನೋಡೋಣ: ಉದ್ದೇಶ ತಿಳಿಸಿ, ವ್ಯಾಪಾರಿಯನ್ನು ನಂಬಿ ಕೊಂಡರೆ ವಸ್ತು ಆ ಉದ್ದೇಶಕ್ಕೆ ಒಗ್ಗಬೇಕು. ತ್ರಾಸಿ, ಮರವಂತೆಯ ಕಡಲಬದಿಯಲ್ಲಿ ಬೇಸಿಗೆ ಬಂದರೆ ಕೆಲವು ಬಾವಿಗಳ ನೀರಿಗೆ ಉಪ್ಪು ಇಳಿಯುತ್ತದೆ. ಅಲ್ಲಿಂದ ಇಬ್ಬರು ಪಂಪ್ ಕೊಳ್ಳಲು ಪೇಟೆಗೆ ಬಂದರು ಎನ್ನಿ. ಒಬ್ಬರು ಬಂದವರೇ ಕಂಪೆನಿಯ ಹೆಸರು ಹೇಳಿ, “ಅದ್ರ ಒಂದ್ ಎಚ್‌ಪಿ ಪಂಪ್ ಕೊಡಿ” ಎಂದರು. ಇನ್ನೊಬ್ಬರು, “ಮೂವತ್ತ್ ಅಡಿ ಬಾವಿ, ಬೇಸ್ಗಿಯಂಗೆ ನೀರ್ ಉಪ್ಪಾತ್ತ್. ಟ್ಯಾಂಕಿ ಮಾಳ್ಗಿ ಮೇಲಿತ್ತ್. ಇದ್ಕೆ ಆಪು ಪಂಪ್ ಒಂದ್ ಕೊಡಿ” ಎಂದರು. ಇಬ್ಬರಿಗೂ ಸಿಕ್ಕಿದ್ದು ಅದೇ ಪಂಪ್. ಎರಡು ತಿಂಗಳಲ್ಲಿ ಎರಡೂ ತುಕ್ಕು ಹಿಡಿದು ನಿಂತವು. ಎರಡನೆಯವರು ತಮ್ಮ ಉದ್ದೇಶ ತಿಳಿಸಿದ್ದಾರೆ, ಅಂಗಡಿಯವರ ಅನುಭವವನ್ನು ನಂಬಿದ್ದಾರೆ. ಉಪ್ಪುನೀರಿಗೆ ತಾಳುವ ಪಂಪ್ ಕೊಡುತ್ತೇನೆ ಎಂಬ ಭರವಸೆ ಆ ಮೌನದಲ್ಲೇ ಕರಾರಿಗೆ ಸೇರಿತು. ಮೊದಲನೆಯವರ ಪಾಡು ಬೇರೆ. ನಿರ್ದಿಷ್ಟ ವಸ್ತುವನ್ನು ಅದರ ವ್ಯಾಪಾರಿ ಹೆಸರಿನಿಂದಲೇ ಕೇಳಿ ಕೊಂಡರೆ ನಿಮ್ಮ ಉದ್ದೇಶಕ್ಕೆ ಒಗ್ಗುತ್ತದೆ ಎಂಬ ಷರತ್ತು ಅಲ್ಲಿರುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಪಂಪಿನಲ್ಲೇ ದೋಷವಿದ್ದರೆ ಅವರೂ ಕೇಳಬಹುದು, ಆದರೆ ನಿಮ್ಮ ಬಾವಿಯ ನೀರು ಹಾಗೆ ಎಂದರೆ ಅವರ ಬಾಯಿ ಕಟ್ಟುತ್ತದೆ.

ಈ ವಿನಾಯಿತಿಯೂ ಕಲ್ಲಿನ ಮೇಲಿನ ಗೆರೆಯಲ್ಲ. 1925ರ ಇಂಗ್ಲೆಂಡಿನ ಒಂದು ಪ್ರಕರಣದಲ್ಲಿ ಒಬ್ಬರು ಸುಖವಾಗಿ ಪ್ರವಾಸ ಮಾಡಲು ಒಂದು ಕಾರು ಬೇಕೆಂದು ಕೇಳಿ, ವ್ಯಾಪಾರಿಗಳೇ ಸೂಚಿಸಿದ ಬುಗಾಟಿ ಕಾರನ್ನು ಕೊಂಡು ಸಂಕಟಪಟ್ಟರು. ಕಾರಿಗೆ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಮಾರಿದವರು ಪಾರಾಗಲಾರರು ಎಂದಿತು ಅಲ್ಲಿನ ನ್ಯಾಯಾಲಯ. ಹೀಗಿದ್ದರೂ ಎಚ್ಚರದ ದಾರಿ ಒಂದೇ. ಜಾಹೀರಾತು ನಮಗೆ ಹೆಸರು ಹೇಳಿ ಕೇಳುವುದನ್ನು ಕಲಿಸಿದೆ. ಕಾಯ್ದೆ ಮಾತ್ರ ಅಗತ್ಯ ಹೇಳಿ ಕೇಳಿದವರ ಕಡೆಗೇ ಹೆಚ್ಚು ವಾಲುತ್ತದೆ. ನಮ್ಮ ಹಿರಿಯರು ಅಂಗಡಿ ಕಟ್ಟೆಯಲ್ಲಿ ಕೂತು ಮನೆಯ ಸಮಾಚಾರವನ್ನೆಲ್ಲ ಹೇಳಿ ಸಾಮಾನು ಕೊಳ್ಳುತ್ತಿದ್ದದ್ದು ಕಾನೂನಿನ ಕಣ್ಣಲ್ಲಿ ಹರಟೆಯಲ್ಲ.

ಹಾಗೆಯೇ, ಗಂಗೊಳ್ಳಿಯ ಮೀನು ಮಾರುಕಟ್ಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ಕೆಂಪಿದೆಯೇ ಎಂದು ನೋಡುವ ಹೆಂಗಸು ಅದೇ ಕಲಮಿನ ಇನ್ನೊಂದು ಮಾತನ್ನು ಪಾಲಿಸುತ್ತಿದ್ದಾಳೆ: ಪರೀಕ್ಷಿಸಿ ಕೊಂಡರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ಇಲ್ಲ. ಕಾಣದ ದೋಷಕ್ಕೆ ಮಾತ್ರ ತಕರಾರು ಉಂಟು.

ವ್ಯಾಪಾರಕ್ಕೆ ಕಟ್ಟುಪಾಡು ಬೇಕು ಎಂಬ ತಿಳಿವು ಈ ಸೀಮೆಗೆ ಹೊಸದೇನಲ್ಲ. ಬಸರೂರು, ಬಾರಕೂರು ಎರಡೂ ಹಳೆಯ ಬಂದರು ಪಟ್ಟಣಗಳು. ಸೆಟ್ಟಿಕಾರರು, ನಖರ, ಹಂಜಮಾನ ಎಂಬ ವರ್ತಕರ ಕೂಟಗಳು ಇಲ್ಲಿನ ಶಾಸನಗಳಲ್ಲಿ ಸಿಗುತ್ತವೆ. ಅಕ್ಕಿಯ ಮುಡಿಯನ್ನು ಬರೆಯುವಾಗ ಎಷ್ಟು ಹಾನೆಯ ಮುಡಿ, ಹಣ ಬರೆಯುವಾಗ ಬಾರಕೂರು ಗದ್ಯಾಣವೇ ಎಂದೆಲ್ಲ ಬರೆಸುತ್ತಿದ್ದರು. ಅಳತೆ ನಂಬಿಕೆಗೆ ಬಿಟ್ಟ ವಿಷಯವಲ್ಲ ಎಂದು ಅವರಿಗೆ ಗೊತ್ತಿತ್ತು. ಅದೇ ಬಸರೂರಿನಲ್ಲಿ 1980ರ ದಶಕದ ಆರಂಭದಲ್ಲಿ, ಅಂದರೆ ದೇಶಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆ ಬರುವುದಕ್ಕೂ ಮೊದಲೇ, ಡಾ. ರವೀಂದ್ರನಾಥ ಶಾನುಭಾಗ್ ಅವರ ಮುಂದಾಳುತನದಲ್ಲಿ ಬಳಕೆದಾರರ ವೇದಿಕೆ ಹುಟ್ಟಿತು. ಮುಂದೆ ಉಡುಪಿಯಲ್ಲಿ ನೆಲೆಗೊಂಡು ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದವರೆಗೆ ಅವರ ಕೆಲಸ ಬೆಳೆಯಿತು. ಗ್ರಾಹಕ ಚಳವಳಿ ಎಂದರೆ ದೆಹಲಿ, ಮುಂಬಯಿ, ಅಹಮದಾಬಾದಿನ ಸಂಗತಿ ಎಂದು ಭಾವಿಸುವವರಿಗೆ ಕುಂದಾಪುರ ತಾಲೂಕಿನ ಈ ಹಳ್ಳಿಯ ಹೆಸರು ನೆನಪಿರಲಿ. ಕಾಯ್ದೆ ಇಲ್ಲದೆಯೂ ಸಂಘಟಿತರಾಗಿ ಕೇಳಿದರೆ ಉತ್ತರ ಬರುತ್ತದೆ ಎಂದು ಈ ನೆಲ ಆಗಲೇ ಕಂಡುಕೊಂಡಿತ್ತು.

ಹಾಗಾದರೆ 1930ರ ಹಕ್ಕುಗಳಿಗೆ ಅರ್ಧ ಶತಮಾನ ಕಳೆದರೂ ಸಾಮಾನ್ಯರು ಯಾಕೆ ಕೈಹಾಕಲಿಲ್ಲ? ಎರಡು ಸಾವಿರದ ಪಂಪಿಗೆ ಸಿವಿಲ್ ದಾವೆ ಹೂಡುವವರು ಯಾರು? ಕೋರ್ಟ್ ಶುಲ್ಕ, ವಕೀಲರ ಫೀಜು, ವಾಯಿದೆಯ ಮೇಲೆ ವಾಯಿದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬದಲಿಸಿದ್ದು ಹೆಚ್ಚಾಗಿ ಈ ದಾರಿಯನ್ನು. ಈಗಿರುವುದು 2019ರ ಕಾಯ್ದೆ. ಅದರ ಬಹುಪಾಲು 2020ರ ಜುಲೈ 20ರಂದು ಜಾರಿಗೆ ಬಂತು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. 50 ಲಕ್ಷದವರೆಗಿನ ದೂರು ಜಿಲ್ಲಾ ಆಯೋಗಕ್ಕೆ. ವಕೀಲರು ಕಡ್ಡಾಯವಲ್ಲ. ಮಾರಿದ ಕಂಪೆನಿ ಗುರುಗ್ರಾಮದಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ಕೊಳ್ಳುವ ನಮ್ಮ ಹೊಸ ಪೀಳಿಗೆಗೆ ಈ ಕೊನೆಯ ಮಾತು ಬಂಗಾರದಂಥದ್ದು. ಪ್ರಯೋಗಾಲಯದ ಪರೀಕ್ಷೆ ಬೇಡದ ಪ್ರಕರಣವನ್ನು ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿ ಮೂರು ತಿಂಗಳೊಳಗೆ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಯತ್ನಿಸಬೇಕು ಎಂಬಲ್ಲೇ ಎಲ್ಲ ಸಡಿಲವಾಗುತ್ತದೆ, ಅದು ಬೇರೆ ಕತೆ.

ಗ್ರಾಹಕ ಎಂದರೆ ಯಾರು ಎಂಬ ಪ್ರಶ್ನೆ ಈ ಮೂರು ತಾಲೂಕುಗಳಲ್ಲಿ ಪುಸ್ತಕದ ಪ್ರಶ್ನೆಯಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಹಾಗಿದ್ದರೆ ನಾಡದೋಣಿಗೆ ಔಟ್‌ಬೋರ್ಡ್ ಎಂಜಿನ್ ಕೊಂಡ ಕೊಡೇರಿಯ ಮೀನುಗಾರ? ಅವನು ಮೀನು ಮಾರುತ್ತಾನಲ್ಲ ಎಂದು ಕಂಪೆನಿ ವಾದಿಸಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯ ವಿವರಣೆಯಲ್ಲೇ ಇದೆ. ಸುಪ್ರೀಂ ಕೋರ್ಟು 1995ರ ಲಕ್ಷ್ಮಿ ಎಂಜಿನಿಯರಿಂಗ್ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು: ತಾನೇ ನಡೆಸಲು ಯಂತ್ರ ಕೊಂಡವನು ಒಬ್ಬಿಬ್ಬರ ನೆರವು ಪಡೆದ ಮಾತ್ರಕ್ಕೆ ಗ್ರಾಹಕನಾಗಿ ಉಳಿಯದೆ ಹೋಗುವುದಿಲ್ಲ. ಹೀಗಾಗಿ ದೋಣಿಯಲ್ಲಿ ತಾನೂ ಕೂತು ಬಲೆ ಎಳೆಯುವವನಿಗೆ ಆಯೋಗದ ಬಾಗಿಲು ತೆರೆದಿದೆ. ನಾಲ್ಕಾರು ಬೋಟುಗಳನ್ನು ಸಂಬಳದವರಿಂದ ಓಡಿಸುವ ಧಣಿ ಸಿವಿಲ್ ಕೋರ್ಟಿಗೇ ಹೋಗಬೇಕಾದೀತು.

ಬಿತ್ತನೆಬೀಜದ ವಿಷಯದಲ್ಲಿ 2012ರ ರಾಷ್ಟ್ರೀಯ ಬೀಜ ನಿಗಮದ ತೀರ್ಪು ರೈತರ ಕೈಹಿಡಿಯಿತು. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲಿಲ್ಲ ಎಂದು ನಿಗಮ ತಕರಾರು ಎತ್ತಿದಾಗ, ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತನು ಮುಂದೊಂದು ದಿನ ದಾವೆಗೆ ಬೇಕಾದೀತೆಂದು ಒಂದು ಹಿಡಿ ತೆಗೆದಿಡಲಿ ಎಂದು ನಿರೀಕ್ಷಿಸಲಾಗದು ಎಂದಿತು ಸುಪ್ರೀಂ ಕೋರ್ಟು. ಎಂಒ4 ಭತ್ತ ಎಂದು ಹೇಳಿ ಬೇರೆ ತಳಿ ಕೊಟ್ಟರೆ ಬ್ರಹ್ಮಾವರದ ಕೃಷಿಕರು ಗದ್ದೆಯಲ್ಲೇ ತಜ್ಞರಿಂದ ವರದಿ ಮಾಡಿಸಿ ದೂರು ಕೊಡಬಹುದು. ಕೃಷಿ ಸಂಶೋಧನಾ ಕೇಂದ್ರವೂ ಅದೇ ಊರಲ್ಲಿದೆ.

ಆದರೆ ಸಸಿಗಳ ವಿಷಯದಲ್ಲಿ ಕಾಯ್ದೆ ನಮ್ಮ ತೋಟವನ್ನು ನೋಡಿಲ್ಲ. ವ್ಯಾಜ್ಯದ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು ಎನ್ನುತ್ತದೆ 69ನೇ ಕಲಮು. ಗಿಡ್ಡ ತಳಿಯೆಂದು ಕೊಂಡ ತೆಂಗಿನ ಸಸಿ ಎತ್ತರದ ತಳಿಯೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಗೊತ್ತಾಗುವುದು ಮೂರು ನಾಲ್ಕು ವರ್ಷ ಕಾದರೂ ಹಿಂಗಾರ ಬಾರದಿದ್ದಾಗ. ಅಡಿಕೆಯದೂ ಹೆಚ್ಚುಕಡಿಮೆ ಅದೇ ಹಾಡು. ನರ್ಸರಿಯವರು ಕೊಟ್ಟ ದಿನದಿಂದ ಲೆಕ್ಕ ಹಾಕಿದರೆ ಮರ ಸಾಕ್ಷಿ ಹೇಳುವ ಮೊದಲೇ ಅವಧಿ ಮುಗಿದಿರುತ್ತದೆ. ದೋಷ ಗೊತ್ತಾದ ದಿನವೇ ಕಾರಣ ಹುಟ್ಟಿದ ದಿನ ಎಂದು ವಾದಿಸಬಹುದು, ತಡಕ್ಕೆ ಸಾಕಷ್ಟು ಕಾರಣ ತೋರಿಸಿ ಮನ್ನಣೆಯನ್ನೂ ಕೇಳಬಹುದು. ಆದರೆ ಪ್ರತಿ ಕೃಷಿಕನೂ ಹೀಗೆ ವಾದಿಸಿ ಗೆಲ್ಲಬೇಕೆ? ಬಹುವಾರ್ಷಿಕ ಬೆಳೆಯ ಸಸಿಗಳಿಗೆ ಮೊದಲ ಫಸಲಿನಿಂದ ಎರಡು ವರ್ಷ ಎಂದು ಕಾಯ್ದೆಯಲ್ಲೇ ಬರೆಯಬೇಕು. ಕರಾವಳಿ, ಮಲೆನಾಡಿನ ಸಂಸದರು ಕೇಳಬೇಕಾದ ತಿದ್ದುಪಡಿ ಇದು.

ಇನ್ನು “ಒಮ್ಮೆ ಮಾರಿದ ಸರಕನ್ನು ವಾಪಸು ಪಡೆಯುವುದಿಲ್ಲ” ಎಂಬ ಬೋರ್ಡು. ಬಟ್ಟೆ ಅಂಗಡಿಯಿಂದ ಪಾತ್ರೆ ಅಂಗಡಿಯವರೆಗೆ ಎಲ್ಲೆಲ್ಲೂ ಇದೆ. ದೋಷವಿರುವ ವಸ್ತುವಿನ ಮಟ್ಟಿಗೆ ಇದಕ್ಕೆ ಬೆಲೆಯಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ದೋಷದ ಸರಕನ್ನು ವಾಪಸು ಪಡೆದು ಹಣ ಕೊಡಲು ಒಪ್ಪದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆದಿದೆ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಬಣ್ಣ ಹಿಡಿಸಲಿಲ್ಲ, ಅತ್ತೆಗೆ ಸೀರೆ ಒಪ್ಪಿಗೆಯಾಗಲಿಲ್ಲ ಎಂದು ವಾಪಸು ತಂದರೆ ಮಾತ್ರ ಅಂಗಡಿಯವರ ಸೌಜನ್ಯವೇ ಗತಿ. ಅಲ್ಲಿ ಕಾಯ್ದೆಯನ್ನು ಎಳೆಯುವುದು ಅನ್ಯಾಯ.

ಅಂಗಡಿಯವರ ಪರವಾಗಿಯೂ ಒಂದು ಮಾತು. ಹಳ್ಳಿ ಪೇಟೆಯ ಸಣ್ಣ ವ್ಯಾಪಾರಿ ಎರಡು ಕಡೆಯಿಂದಲೂ ಪೆಟ್ಟು ತಿನ್ನುತ್ತಾನೆ: ಗಿರಾಕಿ ದಿನವೂ ಮುಖ ನೋಡುವ ನೆರೆಯವರು, ಕಂಪೆನಿ ಫೋನು ಎತ್ತದ ದೂರದವರು. ಹೊಸ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ತಯಾರಕರನ್ನು ನೇರವಾಗಿ ಕಟಕಟೆಗೆ ತಂದಿದೆ. ಆದರೆ ತಯಾರಕರು ಯಾರೆಂದೇ ತೋರಿಸಲಾಗದಿದ್ದರೆ ಆ ಹೊಣೆ ಮಾರಿದವರ ಮೇಲೆ ಬೀಳಬಹುದು. ಹಾಗಾಗಿ ಬಿಲ್ಲಿನಿಂದ ಅಂಗಡಿಯವರಿಗೂ ರಕ್ಷಣೆಯುಂಟು. ತಾನು ಯಾರಿಂದ ತಂದೆ, ಯಾರಿಗೆ ಕೊಟ್ಟೆ ಎಂಬ ಎರಡೂ ಕಾಗದ ಇರುವವರು ನಿಶ್ಚಿಂತೆಯಿಂದ ಕಂಪೆನಿಯ ಕಡೆ ಬೆರಳು ತೋರಿಸಬಹುದು. ವರ್ತಕರ ಸಂಘಗಳು ತಮ್ಮ ಸದಸ್ಯರಿಗೆ ಇದನ್ನು ತಿಳಿಹೇಳಿದರೆ ಗ್ರಾಹಕರ ದಿನದ ಭಾಷಣಕ್ಕಿಂತ ಹೆಚ್ಚು ಕೆಲಸವಾದೀತು.

ನನ್ನ ದೊಡ್ಡ ತಕರಾರು ಬೇರೆ ಕಡೆ ಇದೆ. 1930ರ ಕಾಯ್ದೆ ಅಷ್ಟೆಲ್ಲ ಭರವಸೆ ಕೊಟ್ಟು, 62ನೇ ಕಲಮಿನಲ್ಲಿ ಹಿಂಬಾಗಿಲು ತೆರೆದಿಟ್ಟಿದೆ: ಇಬ್ಬರೂ ಒಪ್ಪಿ ಕರಾರು ಮಾಡಿಕೊಂಡರೆ ಆ ಭರವಸೆಗಳನ್ನೆಲ್ಲ ಕೈಬಿಡಬಹುದು. ಇಬ್ಬರು ವರ್ತಕರ ನಡುವೆ ಇದು ಸರಿ. ಆದರೆ ಸ್ಕೂಟರ್, ಫ್ರಿಜ್, ಫೋನು ಕೊಳ್ಳುವವರು ಚಿಕ್ಕಕ್ಷರದ ಹಾಳೆಗೆ ಸಹಿ ಹಾಕುವುದನ್ನು, ಆ್ಯಪಿನಲ್ಲಿ ಒಪ್ಪಿಗೆ ಒತ್ತುವುದನ್ನು ಒಪ್ಪಂದ ಎನ್ನಲು ನಾಲಿಗೆ ಹೊರಳುವುದಿಲ್ಲ. ಇಂಗ್ಲೆಂಡು 1970ರ ದಶಕದಲ್ಲೇ ಗ್ರಾಹಕರ ಮಟ್ಟಿಗೆ ಈ ಬಾಗಿಲನ್ನು ಮುಚ್ಚಿತು. ನಮ್ಮ ಕಾನೂನು ಆಯೋಗ 1984ರ 103ನೇ ವರದಿಯಲ್ಲಿ, ಮತ್ತೆ 2006ರ 199ನೇ ವರದಿಯಲ್ಲಿ ಅನ್ಯಾಯದ ಷರತ್ತುಗಳ ಬಗ್ಗೆ ಹೇಳಿತು. ಕೊನೆಗೆ 2019ರ ಕಾಯ್ದೆ ‘ಅನುಚಿತ ಕರಾರು’ ಎಂಬುದನ್ನು ಒಳಗೆ ತಂದಿತು: ವಿಪರೀತ ಠೇವಣಿ, ಅಳತೆಮೀರಿದ ದಂಡ, ಸಾಲವನ್ನು ಮುಂಚಿತವಾಗಿ ತೀರಿಸಲು ಬಿಡದಿರುವುದು, ಏಕಪಕ್ಷೀಯವಾಗಿ ರದ್ದು ಮಾಡುವುದು ಇತ್ಯಾದಿ. ಅಂಥ ಷರತ್ತನ್ನು ಶೂನ್ಯವೆಂದು ಸಾರುವ ಅಧಿಕಾರವನ್ನೂ ಕೊಟ್ಟಿತು. ಕೊಟ್ಟದ್ದು ಯಾರಿಗೆ? ರಾಜ್ಯ ಆಯೋಗಕ್ಕೆ, ಮತ್ತು 10 ಕೋಟಿ ದಾಟಿದರೆ ರಾಷ್ಟ್ರೀಯ ಆಯೋಗಕ್ಕೆ. ಜಿಲ್ಲಾ ಆಯೋಗಕ್ಕೆ ಇಲ್ಲ.

ಇದರ ಅರ್ಥ ನೋಡಿ. ಕಂತಿನ ಮೇಲೆ ಫ್ರಿಜ್ ಕೊಂಡ ಉಪ್ಪುಂದದ ಬೀಡಿ ಕಾರ್ಮಿಕ ಹೆಂಗಸಿಗೆ ಕೆಟ್ಟ ಫ್ರಿಜ್ಜಿನ ದೂರು ಉಡುಪಿಯಲ್ಲಿ. ಅದೇ ಫ್ರಿಜ್ಜಿನ ಕರಾರಿನ ಅನ್ಯಾಯದ ಷರತ್ತಿನ ದೂರು ಬೆಂಗಳೂರಿನಲ್ಲಿ. ಯಾರಿಗೆ ಸಿದ್ಧಮುದ್ರಿತ ಕರಾರು ಹೆಚ್ಚು ಕಚ್ಚುತ್ತದೋ ಅವರಿಗೇ ಪರಿಹಾರ ಹೆಚ್ಚು ದೂರ. ಷರತ್ತುಗಳ ವಿಷಯ ಜಟಿಲ, ಹಿರಿಯ ಪೀಠವೇ ನೋಡಲಿ, ಜಿಲ್ಲೆಗೊಂದು ತೀರ್ಪು ಬಂದು ಗೊಂದಲವಾಗದಿರಲಿ ಎಂಬುದು ಇದರ ಹಿಂದಿನ ಆಲೋಚನೆ ಇರಬಹುದು. ಅದಕ್ಕೆ ಮೇಲ್ಮನವಿ ಎಂಬ ವ್ಯವಸ್ಥೆ ಇದ್ದೇ ಇದೆಯಲ್ಲ. ಮೊದಲ ಮೆಟ್ಟಿಲನ್ನೇ ನಾನೂರು ಕಿಲೋಮೀಟರ್ ಆಚೆ ಇಟ್ಟರೆ ಗೊಂದಲವೇನೋ ಆಗುವುದಿಲ್ಲ, ದೂರೂ ಬರುವುದಿಲ್ಲ.

ಉಡುಪಿಯಾದರೂ ಹತ್ತಿರವೇ? ಬ್ರಹ್ಮಾವರದವರಿಗೆ ಹೌದು, ಬಸ್ಸು ಹತ್ತಿ ಕೂತಷ್ಟೇ. ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ಶಿರೂರು, ಕೊಲ್ಲೂರಿನ ಒಳಭಾಗದವರಿಗೆ ಹೋಗಿಬರಲು ದಿನವೇ ಬೇಕು, ಒಂದು ದಿನದ ಕೂಲಿಯೂ ಹೋಯಿತು. ಜಿಲ್ಲೆಯ ಏಳು ತಾಲೂಕುಗಳಿಗೂ ಒಂದೇ ಆಯೋಗ. ಈಗ ಎಲ್ಲ ಆನ್‌ಲೈನ್, ದೂರು ಸಲ್ಲಿಸಲೂ ವಿಡಿಯೋದಲ್ಲಿ ಹಾಜರಾಗಲೂ ಅವಕಾಶವಿದೆ, ಮೊದಲು 1915ಕ್ಕೆ ಫೋನು ಮಾಡಿ ನೋಡಬಹುದು ಎಂದು ಹೇಳುವವರಿದ್ದಾರೆ. ನಿಜ, ಓದಿದ ಮಕ್ಕಳಿರುವ ಮನೆಗೆ ಅದು ಸಾಕು. ಪ್ರಮಾಣಪತ್ರ ಬರೆದು, ದಾಖಲೆ ಸ್ಕ್ಯಾನ್ ಮಾಡಿ, ಅಪ್‌ಲೋಡ್ ಮಾಡಲು ಅರಿಯದವರಿಗೆ ಎದುರಿಗೆ ಒಂದು ಮೇಜು, ಅದರ ಹಿಂದೆ ಒಬ್ಬ ಮನುಷ್ಯ ಬೇಕು.

ಇದಕ್ಕೆ ಸಂಸತ್ತಿನ ತಿದ್ದುಪಡಿ ಬೇಕಾಗಿಲ್ಲ. ಜಿಲ್ಲಾ ಆಯೋಗ ಸಾಮಾನ್ಯವಾಗಿ ಜಿಲ್ಲಾ ಕೇಂದ್ರದಲ್ಲಿದ್ದರೂ, ರಾಜ್ಯ ಆಯೋಗದೊಡನೆ ಸಮಾಲೋಚಿಸಿ ರಾಜ್ಯ ಸರ್ಕಾರ ಗೆಜೆಟ್ಟಿನಲ್ಲಿ ಸೂಚಿಸಿದ ಬೇರೆ ಸ್ಥಳದಲ್ಲೂ ಕಲಾಪ ನಡೆಸಬಹುದು ಎಂದು 34ನೇ ಕಲಮಿನ 3ನೇ ಉಪಕಲಮಿನಲ್ಲೇ ಬರೆದಿದೆ. ಹೆಚ್ಚುವರಿ ಜಿಲ್ಲಾ ಮತ್ತು ಸತ್ರ ನ್ಯಾಯಾಲಯ ಕುಂದಾಪುರದಲ್ಲಿ ಕೂರಬಹುದಾದರೆ, ಉಪವಿಭಾಗಾಧಿಕಾರಿಗಳ ಕಚೇರಿ ಅಲ್ಲಿರಬಹುದಾದರೆ, ಗ್ರಾಹಕ ಆಯೋಗ ತಿಂಗಳಿಗೆರಡು ದಿನ ಅಲ್ಲಿ ಕೂರಲು ಅಡ್ಡಿ ಏನು? ಕುಂದಾಪುರದ ವಕೀಲರು, ಬೈಂದೂರು ಮತ್ತು ಕುಂದಾಪುರ ತಾಲೂಕಿನ ಗ್ರಾಮ ಪಂಚಾಯಿತಿಗಳು, ವರ್ತಕರ ಸಂಘಗಳು ಒಂದೊಂದು ನಿರ್ಣಯ ಬರೆದು ಸರ್ಕಾರಕ್ಕೆ ಕಳಿಸಲಿ. ಬೇಕಾಗಿರುವುದು ಒಂದು ಪುಟದ ಅಧಿಸೂಚನೆ ಮತ್ತು ಎರಡು ದಿನದ ಮಟ್ಟಿಗೆ ಒಂದು ಕೋಣೆ.